ಪ್ರಾಂತೀಯ ನಾಮನಿರ್ದೇಶನ ವಲಸೆ ಯೋಜನೆ, ಕೆನಡಾ

ಕೆನಡಾದ ಪ್ರಾಂತಗಳು ತಮ್ಮಲ್ಲಿ ಆಳುಗಳ ಕೊರತೆಯಿರುವ ಕಸುಬುಗಳಿಗೆ ಹೊರದೇಶದವರನ್ನು ತಾವೇ ಆರಿಸಿ, ಅವರಿಗೆ ಖಾಯಂ ವಾಸದ ಹಕ್ಕು ನೀಡುವಂತೆ ಒಕ್ಕೂಟ ಸರ್ಕಾರಕ್ಕೆ ಹೆಸರು ಸೂಚಿಸುವ ವ್ಯವಸ್ಥೆ. 1998ರಲ್ಲಿ ಮ್ಯಾನಿಟೋಬಾ ಪ್ರಾಂತ ಇದರ ಒಪ್ಪಂದಕ್ಕೆ ಸಹಿ ಹಾಕಿತು. ಆರೋಗ್ಯ ತಪಾಸಣೆ, ಭದ್ರತಾ ಪರಿಶೀಲನೆ ಮತ್ತು ಅಂತಿಮ ಮಂಜೂರಾತಿ ಒಕ್ಕೂಟದ ಕೈಯಲ್ಲೇ ಇವೆ. ಕ್ವಿಬೆಕ್ ಇದರ ಹೊರಗಿದೆ. 1978 ಮತ್ತು 1991ರ ಒಪ್ಪಂದಗಳಿಂದ ಇನ್ನೂ ಹೆಚ್ಚಿನ ಅಧಿಕಾರವನ್ನು ಅದು ಪಡೆದುಕೊಂಡಿದೆ.

ದೂರದ ಸೀಮೆಗಳಿಗೆ ಜನರನ್ನು ತುಂಬುವ ಯತ್ನ ಕೆನಡಾದಲ್ಲಿ ಹೊಸದಲ್ಲ. 1867ರ ಸಂವಿಧಾನ ಕಾಯಿದೆಯ 95ನೆಯ ವಿಧಿ ಬೇಸಾಯ, ವಲಸೆ ಎರಡನ್ನೂ ಒಟ್ಟಿಗೆ ಹೆಸರಿಸಿ, ಕೇಂದ್ರಕ್ಕೂ ಪ್ರಾಂತಗಳಿಗೂ ಅಧಿಕಾರ ಕೊಟ್ಟಿತು. ಆ ಕಾಲಕ್ಕೆ ವಲಸಿಗನೆಂದರೆ ಉಳುವವನೇ. 1872ರ ಡೊಮಿನಿಯನ್ ಭೂಕಾಯಿದೆಯಂತೆ 10 ಡಾಲರ್ ಶುಲ್ಕ ಕಟ್ಟಿದವನಿಗೆ ಪಶ್ಚಿಮದ ಹುಲ್ಲುಗಾವಲಿನಲ್ಲಿ 160 ಎಕರೆ ಸಿಗುತ್ತಿತ್ತು. ಮೂರು ವರ್ಷ ಅಲ್ಲೇ ನೆಲೆಸಿ, ಮನೆ ಕಟ್ಟಿ, ಉತ್ತು ತೋರಿಸಿದ ಮೇಲಷ್ಟೇ ಹಕ್ಕುಪತ್ರ. 1896ರಿಂದ 1905ರವರೆಗೆ ಒಳಾಡಳಿತ ಸಚಿವನಾಗಿದ್ದ ಕ್ಲಿಫರ್ಡ್ ಸಿಫ್ಟನ್ ಪೂರ್ವ ಯುರೋಪಿನ ರೈತರನ್ನು ಈ ನೆಲಕ್ಕೆ ಕರೆತಂದ. ಹಂಚಿದ ಜಮೀನು ಖಾಲಿ ಬಿದ್ದಿದ್ದೇನೂ ಅಲ್ಲ: 1871ರಿಂದೀಚೆಗಿನ ಒಪ್ಪಂದಗಳ ಮೂಲಕ ಮೂಲನಿವಾಸಿಗಳನ್ನು ಮೀಸಲು ತುಂಡುಗಳಿಗೆ ಸರಿಸಿ ತೆರವು ಮಾಡಿದ ನೆಲವದು. ಬೇಡವಾದವರಿಗೆ ಬಾಗಿಲೂ ಅಷ್ಟೇ ಬಿಗಿಯಾಗಿತ್ತು. ಚೀನೀಯರ ಮೇಲೆ 1885ರಲ್ಲಿ ಹೇರಿದ ತಲೆಗಂದಾಯ 1903ರ ಹೊತ್ತಿಗೆ 500 ಡಾಲರಿಗೆ ಏರಿತು. ತಾಯ್ನಾಡಿನಿಂದ ಎಲ್ಲೂ ಇಳಿಯದೆ ನೇರವಾಗಿ ಬರಬೇಕೆಂಬ 1908ರ ನಿಯಮ ಭಾರತೀಯರನ್ನು ತಡೆಯಿತು. 1914ರಲ್ಲಿ ಅವರನ್ನು ಹೊತ್ತು ಬಂದ ಕೊಮಗಾಟ ಮಾರು ಹಡಗಿನ ಬಹುತೇಕ ಪ್ರಯಾಣಿಕರು ವ್ಯಾಂಕೂವರ್ ಬಂದರಿನಿಂದಲೇ ಹಿಂದಿರುಗಬೇಕಾಯಿತು.

ಜನಾಂಗದ ಬದಲು ವಿದ್ಯೆ, ಕಸುಬು, ಭಾಷೆ, ವಯಸ್ಸುಗಳನ್ನು ಅಳೆಯುವ ಅಂಕಪದ್ಧತಿ 1967ರಲ್ಲಿ ಬಂತು. 100ಕ್ಕೆ 50 ಬಂದರೆ ಪಾಸು. ಹೋಗಿ ನೆಲೆಸುವ ಊರಿನ ಉದ್ಯೋಗಾವಕಾಶಕ್ಕೂ ಅದರಲ್ಲಿ ಅಂಕವಿತ್ತು, ಆದರೆ ಐದೇ ಐದು. ಹೀಗೆ ಆಯ್ದು ಬಂದ ಎಂಜಿನಿಯರುಗಳು, ಲೆಕ್ಕಿಗರು ಟೊರಾಂಟೊ, ಮಾಂಟ್ರಿಯಲ್, ವ್ಯಾಂಕೂವರ್‌ಗಳಲ್ಲಿ ಇಳಿದು ಅಲ್ಲೇ ಉಳಿದರು. ಹಿಂದಿನ ರೈತನನ್ನು ಹಿಡಿದಿಡಲು ಹಕ್ಕುಪತ್ರವಿತ್ತು, ಇವರನ್ನು ಹಿಡಿದಿಡಲು ಏನೂ ಇರಲಿಲ್ಲ. ಸಾಲದ್ದಕ್ಕೆ 1982ರ ಹಕ್ಕುಗಳ ಸನ್ನದಿನ 6ನೆಯ ವಿಧಿ, ಖಾಯಂ ನಿವಾಸಿಗಳೂ ಬೇಕಾದ ಪ್ರಾಂತಕ್ಕೆ ಹೋಗಿ ದುಡಿದು ಬದುಕಬಹುದೆಂದು ಸಾರಿತು. ಮುಂದಿನ ಎಲ್ಲ ಯೋಜನೆಗಳು ಎಡವಿದ್ದು ಇಲ್ಲೇ: ಬರುವವರನ್ನು ಆರಿಸಬಹುದು, ಬಂದವರನ್ನು ಕಟ್ಟಿಹಾಕುವಂತಿಲ್ಲ.

ಮ್ಯಾನಿಟೋಬಾದ ಕಥೆ ಹೊಲಿಗೆ ಯಂತ್ರದಿಂದ ಶುರುವಾಗುತ್ತದೆ. 1990ರ ದಶಕದಲ್ಲಿ ವಿನಿಪೆಗ್‌ನ ಗಾರ್ಮೆಂಟ್ಸ್ ಕಾರ್ಖಾನೆಗಳಿಗೆ ಹೊಲಿಯುವವರು ಸಿಗುತ್ತಿರಲಿಲ್ಲ. ಪದವಿಗೆ ಮಣೆ ಹಾಕುವ ಅಂಕಪದ್ಧತಿಯಲ್ಲಿ ದರ್ಜಿ ಪಾಸಾಗುವುದು ಕಷ್ಟ. ಒಕ್ಕೂಟದೊಂದಿಗೆ ಮಾತಾಡಿ ಪ್ರಾಂತವು ಹೊಲಿಗೆಯವರನ್ನು ಪ್ರಾಯೋಗಿಕವಾಗಿ ಕರೆಸಿಕೊಂಡಿತು. 1998ರ ಒಪ್ಪಂದಕ್ಕೆ ಇದೇ ಮುನ್ನುಡಿ. ಮರುವರ್ಷ ಬ್ರಾಂಡನ್ ಪಟ್ಟಣದಲ್ಲಿ ಮೇಪಲ್ ಲೀಫ್ ಕಂಪನಿಯ ಹಂದಿಮಾಂಸದ ಕಾರ್ಖಾನೆ ತೆರೆಯಿತು. ಕೊಯ್ಯುವ, ಕತ್ತರಿಸುವ ಕೆಲಸಕ್ಕೆ ಸ್ಥಳೀಯರು ಸಾಲದೆ ಹೋದಾಗ ಮೆಕ್ಸಿಕೊ, ಎಲ್ ಸಾಲ್ವಡಾರ್, ಚೀನಾ, ಉಕ್ರೇನ್ ಮೊದಲಾದೆಡೆಯಿಂದ ತಾತ್ಕಾಲಿಕ ಪರವಾನಗಿಯ ಮೇಲೆ ಜನ ಬಂದರು. ಆರು ತಿಂಗಳು ದುಡಿದ ಮೇಲೆ ಪ್ರಾಂತ ಅವರ ಹೆಸರನ್ನು ಸೂಚಿಸಬಹುದಿತ್ತು. ಹೆಂಡತಿ ಮಕ್ಕಳು ಹಿಂದೆಯೇ ಬಂದರು. ಅತ್ತ ವಿಂಕ್ಲರ್, ಸ್ಟೈನ್‌ಬಾಕ್ ಊರುಗಳಿಗೆ ಜರ್ಮನ್ ಮಾತಾಡುವ ಮೆನ್ನೋನೈಟ್ ಎಂಬ ಕ್ರೈಸ್ತ ಪಂಗಡದ ಕುಟುಂಬಗಳು ತಮ್ಮ ಮತದವರಿದ್ದಾರೆಂದೇ ಬಂದು ನೆಲೆಸಿದವು. ಮ್ಯಾನಿಟೋಬಾ ಬೇರೆ ಸಣ್ಣ ಪ್ರಾಂತಗಳಿಗಿಂತ ಹೆಚ್ಚು ಜನರನ್ನು ಉಳಿಸಿಕೊಂಡದ್ದಕ್ಕೆ ಕಾರಣ ಅಂಕಪಟ್ಟಿಗಿಂತ ಈ ನಂಟುಗಳೇ ಎನ್ನಬೇಕು.

ಪ್ರಿನ್ಸ್ ಎಡ್ವರ್ಡ್ ದ್ವೀಪ ಉಲ್ಟಾ ಪಾಠ ಕಲಿಯಿತು. ಅಲ್ಲಿ ಬಂಡವಾಳ ಹೂಡುವವರಿಗೆ ನಾಮನಿರ್ದೇಶನ ಸಿಗುತ್ತಿತ್ತು; ಅನೇಕರು ಕಾಗದ ಕೈಗೆ ಬಂದೊಡನೆ ದೊಡ್ಡ ನಗರಗಳ ಹಾದಿ ಹಿಡಿದರು. ಆಮೇಲೆ ಠೇವಣಿ ಇರಿಸಿ, ಅಂಗಡಿ ನಡೆಸಿದ ಮೇಲೆ ವಾಪಸು ಪಡೆಯುವ ಏರ್ಪಾಟಾಯಿತು. ಠೇವಣಿ ಹೋದರೂ ಸರಿ ಎಂದು ಹೊರಟವರು ಬಹಳ. 2018ರಲ್ಲಿ ಅದನ್ನೂ ಕೈಬಿಟ್ಟರು.

ಖಾಯಂ ವಾಸದ ಅರ್ಜಿದಾರರನ್ನು ಅಂಕಗಳ ಮೇಲೆ ಆರಿಸಲು 2015ರಲ್ಲಿ ಜಾರಿಗೆ ಬಂದ ಎಕ್ಸ್‌ಪ್ರೆಸ್ ಎಂಟ್ರಿ ವ್ಯವಸ್ಥೆ ಪ್ರಾಂತದ ನಾಮನಿರ್ದೇಶನಕ್ಕೆ 600 ಅಂಕ ಇಟ್ಟಿತು. ನಾಮನಿರ್ದೇಶನ ಸಿಕ್ಕರೆ ಖಾಯಂ ವಾಸದ ಆಹ್ವಾನ ಬಹುಪಾಲು ಖಚಿತ. 2017ರ ಅಟ್ಲಾಂಟಿಕ್ ಪ್ರಾಯೋಗಿಕ ಯೋಜನೆ ಮಾಲೀಕರನ್ನೇ ಮುಂದಿಟ್ಟು, ಪ್ರತಿ ಕುಟುಂಬಕ್ಕೂ ನೆಲೆಗೊಳ್ಳುವ ಯೋಜನೆ ಸಿದ್ಧವಿರಬೇಕೆಂದಿತು. 2022ರಲ್ಲಿ ಖಾಯಂ ಆಯಿತು. 2019ರ ಗ್ರಾಮೀಣ ಮತ್ತು ಉತ್ತರ ಸೀಮೆಯ ಯೋಜನೆ ಆಯ್ಕೆಯನ್ನು ಇನ್ನೂ ಕೆಳಕ್ಕೆ, ಟಿಮಿನ್ಸ್, ಥಂಡರ್ ಬೇ, ಮೂಸ್ ಜಾ ಸೇರಿದಂತೆ 11 ಊರು-ಸೀಮೆಗಳ ಕೈಗೆ ಇಳಿಸಿತು. ವೈದ್ಯರು, ದಾದಿಯರ ವಿಷಯದಲ್ಲಿ ಮಾತ್ರ ಇವೆಲ್ಲ ಅರ್ಧ ಕೆಲಸವೇ: ವೀಸಾ ಒಂದು ಕಚೇರಿಯದು, ವೃತ್ತಿಯ ಲೈಸೆನ್ಸು ಪ್ರಾಂತದ ವೃತ್ತಿಮಂಡಳಿಯದು.

ಮನೆ ಬಾಡಿಗೆ ಏರಿ, ಜನಾಭಿಪ್ರಾಯ ತಿರುಗಿದಾಗ ಈ ಬಾಗಿಲೂ ಕಿರಿದಾಯಿತು. 2024ರಲ್ಲಿ ಪ್ರಿನ್ಸ್ ಎಡ್ವರ್ಡ್ ದ್ವೀಪ ಮಾರಾಟ, ಹೋಟೆಲ್ ಮುಂತಾದ ಸೇವಾ ಕಸುಬುಗಳ ನಾಮನಿರ್ದೇಶನ ಇಳಿಸಿತು. ಅದನ್ನೇ ನಂಬಿಕೊಂಡಿದ್ದ ನೌಕರರು, ಹೆಚ್ಚಿನವರು ಭಾರತದವರು, ಶಾರ್ಲೆಟ್‌ಟೌನ್‌ನಲ್ಲಿ ಉಪವಾಸ ಕುಳಿತರು. ಅದೇ ವರ್ಷದ ಅಕ್ಟೋಬರಿನಲ್ಲಿ ಒಕ್ಕೂಟ ಸರ್ಕಾರ 2025ರ ಪ್ರಾಂತೀಯ ನಾಮನಿರ್ದೇಶನದ ಗುರಿಯನ್ನು 55,000ಕ್ಕೆ, ಅಂದರೆ ಹಿಂದಿನ ವರ್ಷದ ಅರ್ಧಕ್ಕೆ, ಕಡಿತಗೊಳಿಸಿತು. ಹಾಗಿದ್ದೂ 2025ರ ಜನವರಿಯಲ್ಲಿ 14 ಸಣ್ಣ ಊರು-ಸೀಮೆಗಳಿಗೆಂದು ಮತ್ತೊಂದು ಗ್ರಾಮೀಣ ವಲಸೆ ಯೋಜನೆ ತೆರೆಯಿತು.