ಹಳೇ ವ್ಯಾನ್‌ನ ಆಕ್ಸಲ್ ನಟ್: ಎಷ್ಟು ಟೈಟ್ ಮಾಡಬೇಕು, ಗ್ಯಾರೇಜ್‌ನಲ್ಲಿ ಏನು ಕೇಳಬೇಕು?

ಸಂತೆಗೆ ತರಕಾರಿ, ಅಂಗಡಿಗೆ ದಿನಸಿ, ಮದುವೆಗೆ ಶಾಮಿಯಾನ ಸಾಮಾನು ಹೊರೋದಕ್ಕೆ ಇವತ್ತಿಗೂ ಹಳೇ ವ್ಯಾನ್‌ಗಳೇ ದಿಕ್ಕು. ಮಾರುತಿ ಓಮ್ನಿ ತಯಾರಿಕೆ 2019ರಲ್ಲೇ ನಿಂತರೂ ಗಾಡಿಗಳು ಓಡ್ತಾನೇ ಇವೆ. ಹೊಸ ವೀಲ್ ಬೇರಿಂಗ್ ಹಾಕಿಸಿದ ಕೆಲವೇ ವಾರಕ್ಕೆ ಮತ್ತೆ ಗುಂಯ್ ಅನ್ನೋ ಸದ್ದು ಬಂದರೆ, ತಪ್ಪು ಬೇರಿಂಗ್‌ನದ್ದೇ ಆಗಿರಬೇಕು ಅಂತಿಲ್ಲ. ಆಕ್ಸಲ್ ನಟ್ ಸರಿಯಾಗಿ ಕೂರದೇ ಇರಬಹುದು.

ಯಾವುದು ಈ ನಟ್?

ಟೈರ್ ಬಿಚ್ಚುವಾಗ ತೆಗೆಯುವ ನಾಲ್ಕೈದು ವೀಲ್ ನಟ್ ಬೇರೆ. ಚಕ್ರದ ನಟ್ಟನಡುವೆ, ಕ್ಯಾಪ್ ಒಳಗಿರುವ ಒಂದೇ ದೊಡ್ಡ ನಟ್ ಇದು. ವೀಲ್ ನಟ್‌ಗೆ ಸಾಮಾನ್ಯವಾಗಿ 80ರಿಂದ 110 ನ್ಯೂಟನ್ ಮೀಟರ್ ಸಾಕು. ಇಂಜಿನ್ ಶಕ್ತಿ ಹೋಗುವ ಚಕ್ರದ ಆಕ್ಸಲ್ ನಟ್‌ಗೆ 200 ದಾಟೋದು ಮಾಮೂಲು.

ಎಲ್ಲಾ ಗಾಡಿಗೂ ಒಂದೇ ಲೆಕ್ಕ ಇಲ್ಲ

ಹಳೇ ಮೆಟಡೋರ್‌ನಲ್ಲಿ ಇಂಜಿನ್ ತಿರುಗಿಸೋದು ಮುಂದಿನ ಚಕ್ರ. ಓಮ್ನಿಯಲ್ಲಿ ಹಿಂದಿನ ಚಕ್ರ. ಹಾಗಾಗಿ ಒಂದು ಗಾಡಿಯ ಲೆಕ್ಕ ಇನ್ನೊಂದಕ್ಕೆ ಹಾಕಬಾರದು. ಎರಡು ಬಿಡಿ ಟೇಪರ್ ಬೇರಿಂಗ್ ಇರುವ ಹಬ್‌ನಲ್ಲಂತೂ ನಟ್ ಮೊದಲು ಬಿಗಿ ಮಾಡಿ, ಆಮೇಲೆ ಸ್ವಲ್ಪ ಸಡಿಲ ಬಿಡಬೇಕು. ಅಲ್ಲಿ 200ರ ಬಲ ಹಾಕಿದರೆ ಬೇರಿಂಗ್ ಬಿಸಿಯಾಗಿ ಸುಟ್ಟೇ ಹೋಗುತ್ತೆ. ನಿಮ್ಮ ಮಾಡೆಲ್‌ನ ಸರ್ವಿಸ್ ಮ್ಯಾನುಯಲ್‌ನಲ್ಲಿರುವ ಅಂಕಿಯೇ ಅಂತಿಮ.

ಬಲದ ಲೆಕ್ಕ ಹೀಗೆ

ಅರ್ಧ ಮೀಟರ್ ಉದ್ದದ ಹಿಡಿಯ ತುದಿಗೆ 40 ಕೆಜಿ ಭಾರ ಬಿದ್ದರೆ 20 ಕೆಜಿ ಮೀಟರ್, ಅಂದರೆ ಸುಮಾರು 196 ನ್ಯೂಟನ್ ಮೀಟರ್. ಒಂದು ಮೀಟರ್ ಪೈಪ್ ಹಾಕಿದರೆ 20 ಕೆಜಿ ಭಾರಕ್ಕೇ ಅಷ್ಟು ಬಲ ಬರುತ್ತೆ. ಪೈಪ್ ಹಾಕಿ ಅದರ ಮೇಲೆ ಹತ್ತಿ ಕುಣಿದರೆ ಎಷ್ಟು ಬಿತ್ತು ಅಂತ ಯಾರಿಗೂ ಗೊತ್ತಾಗಲ್ಲ.

ಕೆಲಸದ ಕ್ರಮ

1. ಬಿಚ್ಚುವಾಗ ಚಕ್ರ ನೆಲದ ಮೇಲಿರಲಿ. ಹ್ಯಾಂಡ್‌ಬ್ರೇಕ್ ಎಳೆದು, ಬೇರೆ ಚಕ್ರಗಳಿಗೆ ಕಲ್ಲು ಕೊಡಿ. ಮೊದಲು ಸ್ಪ್ಲಿಟ್ ಪಿನ್ ತೆಗೆಯಿರಿ. ಪಿನ್ ಬದಲು ನಟ್‌ನ ಅಂಚನ್ನೇ ಬಡಿದು ಕೂರಿಸಿದ್ದರೆ ಆ ಅಂಚನ್ನು ಎತ್ತಿ.

2. ನಟ್ ಸಡಿಲ ಆದಮೇಲೆ ಗಾಡಿ ತಳ್ಳಬೇಡಿ. ಭಾರ ಬಿದ್ದರೆ ಬೇರಿಂಗ್ ಹಾಳು.

3. ಮರೆಯನ್ನು ತಂತಿ ಬ್ರಷ್‌ನಿಂದ ಶುಚಿ ಮಾಡಿ. ಮ್ಯಾನುಯಲ್ ಹೇಳದಿದ್ದರೆ ಆಯಿಲ್, ಗ್ರೀಸ್ ಹಚ್ಚಬೇಡಿ. ಜಾರಿಕೆ ಜಾಸ್ತಿಯಾದರೆ ಅದೇ ಅಂಕಿಗೆ ನಟ್ ಬೇಕಾದ್ದಕ್ಕಿಂತ ಹೆಚ್ಚು ಬಿಗಿಯುತ್ತೆ.

4. ಗಾಡಿಯನ್ನು ಸ್ಟ್ಯಾಂಡ್ ಮೇಲೆ ಗಟ್ಟಿಯಾಗಿ ನಿಲ್ಲಿಸಿ. ಬರೀ ಜ್ಯಾಕ್ ನಂಬಬೇಡಿ. ಒಬ್ಬರು ಬ್ರೇಕ್ ಒತ್ತಿ ಹಿಡಿಯಲಿ, ಇನ್ನೊಬ್ಬರು ಟಾರ್ಕ್ ರೆಂಚ್‌ನಲ್ಲಿ ನಿಧಾನವಾಗಿ ಎಳೆಯಲಿ. ಟಕ್ ಅಂದ ತಕ್ಷಣ ನಿಲ್ಲಿಸಿ.

5. ಹೀಗೆ ಬಿಗಿ ಮಾಡಿದ ನಟ್‌ನಲ್ಲಿ ಪಿನ್ ತೂತು ಕೂಡದಿದ್ದರೆ, ಹಿಂದಕ್ಕೆ ಬಿಡಬೇಡಿ. ಮುಂದಿನ ತೂತು ಸಿಗೋವರೆಗೆ ಇನ್ನೂ ಸ್ವಲ್ಪ ಟೈಟ್ ಮಾಡಿ. ಹೊಸ ಪಿನ್ ಹಾಕಿ. ಬಡಿದು ಕೂರಿಸುವ ನಟ್ ಆದರೆ ನಟ್ಟೇ ಹೊಸದು ಬೇಕು.

ಇಂಪ್ಯಾಕ್ಟ್ ಗನ್ ಬಿಚ್ಚೋದಕ್ಕೆ ಸರಿ, ಕೊನೆಯ ಟೈಟ್‌ಗೆ ಬೇಡ. ಟಾರ್ಕ್ ರೆಂಚ್‌ನಿಂದ ನಟ್ ಬಿಚ್ಚಲೂ ಬಾರದು, ಅದರ ಲೆಕ್ಕ ತಪ್ಪುತ್ತೆ. ಚಿಕ್ಕ ರೆಂಚ್‌ಗಳು 200ರ ಒಳಗೇ ನಿಲ್ಲುತ್ತವೆ, ಅದನ್ನೂ ನೋಡಿಕೊಳ್ಳಿ.

ಗಾಡಿ ವಾಪಸ್ ತಗೊಳ್ಳುವಾಗ ಮೂರು ಮಾತು ಕೇಳಿ: ಎಷ್ಟಕ್ಕೆ ಟೈಟ್ ಮಾಡಿದ್ರಿ? ಯಾವುದರಲ್ಲಿ ಮಾಡಿದ್ರಿ? ಪಿನ್ ಹೊಸದಾ? ಆಮೇಲೆ ಚಕ್ರ ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಟಕಟಕ ಅಂದರೆ ಅಥವಾ ಸ್ವಲ್ಪ ದೂರ ಓಡಿಸಿದ ಮೇಲೆ ಒಂದೇ ಹಬ್ ಮಾತ್ರ ಕೈಗೆ ಸುಡುವಷ್ಟು ಬಿಸಿಯಾದರೆ, ಲೋಡ್ ಹಾಕಬೇಡಿ. ನಟ್ ಕಳಚಿದರೆ ಚಕ್ರವೇ ಹೊರಗೆ ಬರಬಹುದು, ಗಾಡಿಯಲ್ಲಿ ಕೂತಿರೋದು ನಮ್ಮ ಮನೆಯವರೇ.