ರಕ್ತದ ಗುಂಪು ಮತ್ತು ರೋಗಿಯ ಗುರುತು: ಪರೇಲಿನಿಂದ ಐರೋಲಿಯವರೆಗೆ

ರೋಗಿಗೆ ರಕ್ತ ಕೊಡುವ ಮುನ್ನ ಆಸ್ಪತ್ರೆ ಎರಡು ಪ್ರಶ್ನೆಗಳಿಗೆ ಉತ್ತರ ಪಡೆದಿರಬೇಕು: ಈ ರಕ್ತದ ಗುಂಪು ಯಾವುದು, ಮಂಚದ ಮೇಲೆ ಮಲಗಿರುವವರು ಯಾರು. ಮೊದಲನೆಯದು ಪ್ರಯೋಗಾಲಯದ ಪ್ರಶ್ನೆ. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿಯೇ ಅದು ಬಹುಮಟ್ಟಿಗೆ ಬಗೆಹರಿಯಿತು. ಎರಡನೆಯದು ಹೆಸರು, ಚೀಟಿ, ಕೈಪಟ್ಟಿಗಳಿಗೆ ಸೇರಿದ್ದು. ಅದು ತಡವಾಗಿ ಎದ್ದಿತು, ಇನ್ನೂ ಪೂರ್ತಿ ಬಗೆಹರಿದಿಲ್ಲ. ನವಿ ಮುಂಬಯಿಯ ಐರೋಲಿಯಲ್ಲಿ ಚಿಕಿತ್ಸೆ ಪಡೆಯುವವರ ಮಟ್ಟಿಗೆ ಈ ಎರಡೂ ಚರಿತ್ರೆಗಳು ದೂರದವಲ್ಲ. ಮೊದಲನೆಯದರ ಒಂದು ಮುಖ್ಯ ಅಧ್ಯಾಯ ನಡೆದದ್ದು ಖಾಡಿಯ ಆಚೆ ದಡದಲ್ಲಿರುವ ಮುಂಬಯಿಯ ಪರೇಲಿನಲ್ಲಿ.

ವಿಯೆನ್ನಾದ ಕಾರ್ಲ್ ಲ್ಯಾಂಡ್‌ಸ್ಟೈನರ್ ತನ್ನ ಸಹೋದ್ಯೋಗಿಗಳ ರಕ್ತವನ್ನು ಒಂದರೊಡನೊಂದು ಬೆರೆಸಿ, ಕೆಲವರ ಸೀರಮ್ಮಿನಲ್ಲಿ ಇತರರ ಕೆಂಪುಕಣಗಳು ಗಂಟುಗಟ್ಟುವುದನ್ನು ಗಮನಿಸಿ 1901ರಲ್ಲಿ ಪ್ರಕಟಿಸಿದ. ಮರುವರ್ಷ ಇತರರು ನಾಲ್ಕನೆಯದಾದ ಎಬಿ ಗುಂಪನ್ನು ಕಂಡುಕೊಂಡರು. ಶಸ್ತ್ರವೈದ್ಯರು ಈ ಶೋಧವನ್ನು ಕೂಡಲೇ ಕೈಗೆತ್ತಿಕೊಳ್ಳಲಿಲ್ಲ. 1907ರಲ್ಲಿ ನ್ಯೂಯಾರ್ಕಿನ ರೂಬೆನ್ ಆಟೆನ್‌ಬರ್ಗ್ ದಾನಿಯ ಕಣಗಳನ್ನು ರೋಗಿಯ ಸೀರಮ್ಮಿನೊಡನೆ ಮೊದಲೇ ಬೆರೆಸಿ ನೋಡುವ ಪದ್ಧತಿಯನ್ನು ಆರಂಭಿಸಿದ. ಇಂದಿಗೂ ರಕ್ತನಿಧಿಗಳಲ್ಲಿ ಕ್ರಾಸ್‌ಮ್ಯಾಚ್ ಎಂದರೆ ಮೂಲತಃ ಇದೇ. 1940ರಲ್ಲಿ ಆರ್‌ಎಚ್ ಅಂಶವೂ 1945ರಲ್ಲಿ ಕೂಂಬ್ಸ್ ಪರೀಕ್ಷೆಯೂ ಸೇರಿದ ಮೇಲೆ ಪ್ರಯೋಗಾಲಯದ ಕೈಗೆ ಬೇಕಾದ ಮುಖ್ಯ ಸಲಕರಣೆಗಳೆಲ್ಲ ಬಂದಂತಾಯಿತು.

ಆ ಆರಂಭದ ವರ್ಷಗಳಲ್ಲಿ ರೋಗಿ ಯಾರೆಂಬ ಪ್ರಶ್ನೆ ಏಳುತ್ತಲೇ ಇರಲಿಲ್ಲ. ದಾನಿ ಮತ್ತು ರೋಗಿ ಅಕ್ಕಪಕ್ಕ ಮಲಗುತ್ತಿದ್ದರು, ರಕ್ತ ಒಬ್ಬರ ಮೈಯಿಂದ ನೇರವಾಗಿ ಇನ್ನೊಬ್ಬರ ಮೈಗೆ ಹರಿಯುತ್ತಿತ್ತು. 1914ರ ಸುಮಾರಿಗೆ ಸೋಡಿಯಂ ಸಿಟ್ರೇಟ್ ಬೆರೆಸಿದರೆ ರಕ್ತ ಹೆಪ್ಪುಗಟ್ಟದೆಂದು ತಿಳಿದ ಮೇಲೆ ಬಾಟಲಿಯಲ್ಲಿ ತುಂಬಿಡುವುದು ಸಾಧ್ಯವಾಯಿತು. 1937ರಲ್ಲಿ ಷಿಕಾಗೋದ ಕುಕ್ ಕೌಂಟಿ ಆಸ್ಪತ್ರೆಯಲ್ಲಿ ಬರ್ನಾರ್ಡ್ ಫ್ಯಾಂಟಸ್ ಬ್ಲಡ್ ಬ್ಯಾಂಕ್ ತೆರೆದ. ಭಾರತದ ಮೊದಲ ರಕ್ತನಿಧಿ 1942ರಲ್ಲಿ ಕೋಲ್ಕತ್ತದ ಅಖಿಲ ಭಾರತ ನೈರ್ಮಲ್ಯ ಮತ್ತು ಸಾರ್ವಜನಿಕ ಆರೋಗ್ಯ ಸಂಸ್ಥೆಯಲ್ಲಿ ರೆಡ್ ಕ್ರಾಸ್ ಆಡಳಿತದಲ್ಲಿ ಆರಂಭವಾಯಿತು. ಅಲ್ಲಿಂದಾಚೆಗೆ ದಾನಿಯೂ ರೋಗಿಯೂ ಒಬ್ಬರನ್ನೊಬ್ಬರು ನೋಡುವುದೇ ನಿಂತಿತು. ನಡುವೆ ಉಳಿದದ್ದು ಬಾಟಲಿಗೆ ಅಂಟಿಸಿದ ಚೀಟಿ ಮಾತ್ರ. ರಕ್ತ ಕೊಡುವಾಗ ಸಂಭವಿಸುವ ದೊಡ್ಡ ತಪ್ಪುಗಳ ಚರಿತ್ರೆ ಶುರುವಾಗುವುದು ಈ ಚೀಟಿಯಿಂದ.

ಚೀಟಿಯ ಮೇಲೆ ಬರೆದ ಗುಂಪೇ ಸಾಲದೆಂಬುದನ್ನು ಪರೇಲ್ ತೋರಿಸಿಕೊಟ್ಟಿತು. 1952ರಲ್ಲಿ ಅಲ್ಲಿನ ಸೇಠ್ ಗೋರ್ಧನದಾಸ್ ಸುಂದರದಾಸ್ ವೈದ್ಯಕೀಯ ಕಾಲೇಜು ಮತ್ತು ಕೆಇಎಂ ಆಸ್ಪತ್ರೆಯ ವೈ. ಎಂ. ಭೇಂಡೆ, ಸಿ. ಕೆ. ದೇಶಪಾಂಡೆ, ಎಚ್. ಎಂ. ಭಾಟಿಯಾ ಅವರು ಬ್ರಿಟನ್ನಿನ ರೂತ್ ಸ್ಯಾಂಗರ್, ಆರ್. ಆರ್. ರೇಸ್, ಮಾರ್ಗನ್ ಮತ್ತು ವಾಟ್ಕಿನ್ಸ್ ಜೊತೆಗೂಡಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಮೂವರ ರಕ್ತದ ವಿವರ ಪ್ರಕಟಿಸಿದರು. ಆ ಕಣಗಳು ಎ-ವಿರೋಧಿ, ಬಿ-ವಿರೋಧಿ ಸೀರಮ್ಮುಗಳೆರಡಕ್ಕೂ ಗಂಟುಗಟ್ಟಲಿಲ್ಲ. ಅಷ್ಟೇ ನೋಡಿದರೆ ಅವು ಓ ಗುಂಪಿನವು. ಆದರೆ ಅದೇ ಮೂವರ ಸೀರಮ್ಮು ಓ ಗುಂಪಿನ ಕಣಗಳನ್ನೂ ಗಂಟುಗಟ್ಟಿಸುತ್ತಿತ್ತು. ಎ ಮತ್ತು ಬಿ ಪ್ರತಿಜನಕಗಳೆರಡಕ್ಕೂ ಎಚ್ ಎಂಬ ವಸ್ತು ತಳಪಾಯವಿದ್ದಂತೆ. ಓ ಗುಂಪಿನವರಲ್ಲಿ ತಳಪಾಯ ಮಾತ್ರ ಇರುತ್ತದೆ, ಈ ಮೂವರಲ್ಲಿ ಅದೂ ಇರಲಿಲ್ಲ. ಹಾಗಾಗಿ ಅವರ ದೇಹ ಎಚ್ ವಿರುದ್ಧವೇ ಪ್ರತಿಕಾಯ ತಯಾರಿಸಿಕೊಂಡಿತ್ತು. ಇಂಥವರಿಗೆ ಎಲ್ಲರಿಗೂ ಆಗಿಬರುವುದೆಂದು ಹೆಸರಾದ ಓ ನೆಗೆಟಿವ್ ರಕ್ತವೂ ಪ್ರಾಣಾಂತಿಕ. ಮುಂದೆ ಜಗತ್ತು ಇದಕ್ಕೆ ಬಾಂಬೆ ಗುಂಪು ಎಂದು ಹೆಸರಿಟ್ಟಿತು. ಎಫ್‌ಯುಟಿ-1 ಎಂಬ ವಂಶವಾಹಿಯ ದೋಷವೇ ಕಾರಣವೆಂಬುದು 1990ರ ದಶಕದಲ್ಲಿ ಸ್ಪಷ್ಟವಾಯಿತು. 1974ರಲ್ಲಿ ಭಾಟಿಯಾ ಮತ್ತು ಸಾಠೆ ಪ್ರಕಟಿಸಿದ ಲೆಕ್ಕದ ಪ್ರಕಾರ ಮುಂಬಯಿಯಲ್ಲಿ 7,600 ಜನರಿಗೊಬ್ಬರು ಈ ಗುಂಪಿನವರು. ಯೂರೋಪಿನಲ್ಲಿ ಇವರು ಇದಕ್ಕಿಂತ ಎಷ್ಟೋ ಪಾಲು ವಿರಳ.

ಇದರಿಂದ ಪರೀಕ್ಷೆಯ ಕ್ರಮಕ್ಕೊಂದು ನಿಯಮ ಗಟ್ಟಿಯಾಯಿತು. ರೋಗಿಯ ಕಣಗಳನ್ನು ಗೊತ್ತಿರುವ ಸೀರಮ್ಮಿನಿಂದ ಪರೀಕ್ಷಿಸಿದರೆ ಸಾಲದು, ರೋಗಿಯ ಸೀರಮ್ಮನ್ನೂ ಗೊತ್ತಿರುವ ಎ, ಬಿ ಮತ್ತು ಓ ಕಣಗಳಿಂದ ಪರೀಕ್ಷಿಸಬೇಕು. ಎರಡೂ ಒಂದೇ ಉತ್ತರ ಕೊಡದಿದ್ದರೆ ರಕ್ತ ಹೊರಗೆ ಹೋಗಕೂಡದು. ಓ ಕಣಗಳನ್ನು ಬಿಟ್ಟು ಅವಸರದಲ್ಲಿ ಮಾಡುವ ಸ್ಲೈಡ್ ಪರೀಕ್ಷೆಯಲ್ಲಿ ಬಾಂಬೆ ಗುಂಪಿನವರು ಓ ಎಂದೇ ದಾಖಲಾಗುತ್ತಾರೆ. ಶಿಬಿರಗಳಲ್ಲಿ ಕೊಟ್ಟ ಗುಂಪಿನ ಕಾರ್ಡನ್ನೋ ಡ್ರೈವಿಂಗ್ ಲೈಸೆನ್ಸಿನಲ್ಲಿ ಅಚ್ಚಾದ ಗುಂಪನ್ನೋ ನಂಬಿ ಯಾವ ರಕ್ತನಿಧಿಯೂ ರಕ್ತ ಕೊಡದಿರುವುದಕ್ಕೆ ಇದೂ ಒಂದು ಕಾರಣ. ಸಂಬಂಧಿಕರಿಗೆ ಅದು ಅನಾವಶ್ಯಕ ವಿಳಂಬದಂತೆ ಕಾಣುತ್ತದೆ. ಆದರೆ ವಿಳಂಬವೆನಿಸುವ ಆ ಹೊತ್ತೇ ರೋಗಿಯ ರಕ್ಷಣೆ.

ಪರೇಲಿನಲ್ಲಿ 1957ರಲ್ಲಿ ರಕ್ತದ ಗುಂಪುಗಳ ಉಲ್ಲೇಖ ಕೇಂದ್ರವಾಗಿ ಹುಟ್ಟಿದ ಸಂಸ್ಥೆ ಇಂದು ರಾಷ್ಟ್ರೀಯ ಇಮ್ಯುನೊಹೆಮಟಾಲಜಿ ಸಂಸ್ಥೆಯಾಗಿದೆ. ಮುಂಬಯಿಯ ಸಂಶೋಧಕರೇ 1973ರಲ್ಲಿ ವರದಿ ಮಾಡಿದ ಇನ್ನೊಂದು ಪ್ರತಿಜನಕ ‘ಇಂಡಿಯನ್’ ಎಂಬ ಹೆಸರಿನಲ್ಲಿಯೇ ಪ್ರತ್ಯೇಕ ರಕ್ತವ್ಯವಸ್ಥೆಯಾಗಿ ಮಾನ್ಯವಾಯಿತು. ಈ ಸಾಲು ಮುಗಿದಿಲ್ಲ. ಹೃದಯದ ಶಸ್ತ್ರಚಿಕಿತ್ಸೆಗೆ ದಾಖಲಾದ ಕೋಲಾರದ ಓ ಪಾಸಿಟಿವ್ ಮಹಿಳೆಯೊಬ್ಬರಿಗೆ ಯಾವ ಓ ರಕ್ತವೂ ಹೊಂದಲಿಲ್ಲ, ಮನೆಯವರದೂ ಹೊಂದಲಿಲ್ಲ. ಬೆಂಗಳೂರಿನ ರೋಟರಿ ಟಿಟಿಕೆ ರಕ್ತಕೇಂದ್ರವು ಮಾದರಿಗಳನ್ನು ಬ್ರಿಸ್ಟಲ್‌ನ ಅಂತಾರಾಷ್ಟ್ರೀಯ ಪ್ರಯೋಗಾಲಯಕ್ಕೆ ಕಳಿಸಿತು. 2025ರ ಜೂನ್‌ನಲ್ಲಿ ಮಿಲಾನ್ ಸಮ್ಮೇಳನದಲ್ಲಿ ಇದಕ್ಕೆ ಕಾರಣ ಕ್ರೋಮರ್ ವ್ಯವಸ್ಥೆಯ ಹೊಸ ಪ್ರತಿಜನಕವೆಂದು ಘೋಷಣೆಯಾಯಿತು. ಕ್ರೋಮರ್‌ನ ‘ಸಿಆರ್’ ಜೊತೆಗೆ ಇಂಡಿಯಾ ಮತ್ತು ಬೆಂಗಳೂರಿನ ಮೊದಲ ಇಂಗ್ಲಿಷ್ ಅಕ್ಷರಗಳನ್ನು ಸೇರಿಸಿ ಕ್ರಿಬ್ ಎಂದು ಹೆಸರಿಡಲಾಯಿತು. ಶಸ್ತ್ರಚಿಕಿತ್ಸೆಯನ್ನು ರಕ್ತ ಕೊಡದೆಯೇ ಮುಗಿಸಲಾಗಿತ್ತು.

ಆದರೆ ಇಂಥ ಅಪರೂಪದ ಗುಂಪುಗಳಿಂದ ಆಗುವ ಅನಾಹುತಕ್ಕಿಂತ ತೀರ ಸಾಮಾನ್ಯ ಗುಂಪಿನ ರಕ್ತ ತಪ್ಪು ರೋಗಿಗೆ ಹೋಗಿ ಆಗುವ ಅನಾಹುತವೇ ಹೆಚ್ಚು. ನ್ಯೂಯಾರ್ಕ್ ರಾಜ್ಯದ ಹತ್ತು ವರ್ಷಗಳ ದಾಖಲೆ ಆಧರಿಸಿ 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇಂಥ ತಪ್ಪುಗಳಲ್ಲಿ ಸುಮಾರು ಅರ್ಧದಷ್ಟು ರಕ್ತನಿಧಿಯ ಹೊರಗೆ, ಅಂದರೆ ವಾರ್ಡಿನಲ್ಲಿ ಆಗಿದ್ದವು. 2003ರಲ್ಲಿ 10 ದೇಶಗಳ 62 ಆಸ್ಪತ್ರೆಗಳ ಸಮೀಕ್ಷೆ ಇನ್ನೊಂದು ಅಂಶ ಹೇಳಿತು: ಸುಮಾರು 2,000 ಮಾದರಿಗಳಲ್ಲಿ ಒಂದರೊಳಗಿನ ರಕ್ತ ಚೀಟಿಯಲ್ಲಿ ಹೆಸರಿರುವವರದ್ದೇ ಅಲ್ಲ. ಇಂಥ ಕೊಳವೆಯನ್ನು ಪ್ರಯೋಗಾಲಯ ಎಷ್ಟು ನಿಖರವಾಗಿ ಪರೀಕ್ಷಿಸಿದರೂ ಉತ್ತರ ಬೇರೊಬ್ಬರದು.

ಐರೋಲಿಯಂಥ ಊರಿನಲ್ಲಿ ಹೆಸರು ತಪ್ಪಲು ಹೆಚ್ಚಿನ ಕಾರಣಗಳಿವೆ. ನಗರಾಭಿವೃದ್ಧಿ ಸಂಸ್ಥೆಯಾದ ಸಿಡ್ಕೊ ಕಟ್ಟಿದ ಈ ಬಡಾವಣೆಗೆ ಮುಲುಂಡಿನ ಸೇತುವೆಯ ಮೂಲಕವೂ ಠಾಣೆ–ವಾಶಿ ರೈಲಿನ ಮೂಲಕವೂ ಬಂದು ಸೇರಿದವರು ಹಲವು ಭಾಷೆಯವರು. ಆಗ್ರಿ–ಕೋಳಿ ಜನರ ಹಳೆಯ ಹಳ್ಳಿಗಳ ಪಕ್ಕದಲ್ಲಿ ಕರಾವಳಿಯ ತುಳು–ಕನ್ನಡಿಗರೂ ಉತ್ತರ ಕರ್ನಾಟಕದಿಂದ ದುಡಿಮೆಗೆ ಬಂದ ಕುಟುಂಬಗಳೂ ನೆಲೆಸಿವೆ. ಮಹಾರಾಷ್ಟ್ರದ ಕೇಸ್ ಪೇಪರಿನಲ್ಲಿ ತನ್ನ ಹೆಸರು, ತಂದೆ ಅಥವಾ ಗಂಡನ ಹೆಸರು, ಅಡ್ಡಹೆಸರು ಎಂಬ ಮೂರು ಖಾನೆಗಳು. ಇನಿಷಿಯಲ್ ಮಾತ್ರ ಇರುವ ಹೆಸರು ಆ ಖಾನೆಗಳಲ್ಲಿ ಒಂದೊಂದು ಸಲ ಒಂದೊಂದು ರೀತಿ ಕೂರುತ್ತದೆ. ಶೆಟ್ಟಿ, ಪೂಜಾರಿ, ಪಾಟೀಲ ಎಂಬ ಅಡ್ಡಹೆಸರಿನ ಇಬ್ಬರು ಒಂದೇ ವಾರ್ಡಿನಲ್ಲಿರುವುದು ವಿಶೇಷವಲ್ಲ. ಇನ್ನು ಭಾಷೆ. “ಶಾಂತಾಬಾಯಿ ನೀವೇನಾ?” ಎಂದು ಮರಾಠಿಯಲ್ಲಿ ಕೇಳಿದರೆ ಕಲಬುರಗಿ ಕಡೆಯ ಅಜ್ಜಿ ಅರ್ಥವಾಗದಿದ್ದರೂ ತಲೆಯಾಡಿಸಬಹುದು. ಆದ್ದರಿಂದಲೇ ಸಿಸ್ಟರ್ ಹೆಸರು ಹೇಳಿ ಕೇಳಬಾರದು, ರೋಗಿಯ ಬಾಯಿಂದಲೇ ಹೆಸರು ಹೊರಡಬೇಕು ಎಂಬ ನಿಯಮವಿದೆ.

ನಿಯಮಗಳು ಒಟ್ಟಾಗಿ ಬಂದವಲ್ಲ. 1996ರ ಕಾಮನ್ ಕಾಸ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಹಣಕ್ಕೆ ರಕ್ತ ಮಾರುವ ವೃತ್ತಿದಾನಿಗಳ ಪದ್ಧತಿ ಎರಡು ವರ್ಷದೊಳಗೆ ನಿಲ್ಲಬೇಕೆಂದಿತು. ಕಾನೂನಿನ ಕಣ್ಣಿನಲ್ಲಿ ರಕ್ತ ಒಂದು ಔಷಧ, ಆದ್ದರಿಂದ ಚೀಲದ ಚೀಟಿಗೂ ಬಣ್ಣ ಗೊತ್ತುಪಡಿಸಿದೆ: ಓ ಗುಂಪಿಗೆ ನೀಲಿ, ಎ ಗುಂಪಿಗೆ ಹಳದಿ, ಬಿ ಗುಂಪಿಗೆ ಗುಲಾಬಿ, ಎಬಿ ಗುಂಪಿಗೆ ಬಿಳಿ. ಪ್ರಯೋಗಾಲಯದ ಎ-ವಿರೋಧಿ ಸೀರಮ್ಮಿನ ಬಣ್ಣವೂ ನೀಲಿಯೇ, ಬಿ-ವಿರೋಧಿಯದು ಹಳದಿ. ಎರಡು ಕಡೆ ಎರಡು ಅರ್ಥದ ಈ ಬಣ್ಣಗಳನ್ನು ಗೊತ್ತುಪಡಿಸಿದವರು ಜಾಣತನ ಮಾಡಿದರೆನ್ನಲಾಗದು. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೊರಡಿಸಿದ ಒಂಬತ್ತು ಸುರಕ್ಷತಾ ಸೂತ್ರಗಳಲ್ಲಿ ರೋಗಿಯ ಗುರುತನ್ನು ಕನಿಷ್ಠ ಎರಡು ವಿವರಗಳಿಂದ ಖಚಿತಪಡಿಸಬೇಕು, ಕೋಣೆಯ ಸಂಖ್ಯೆ ಅದರಲ್ಲಿ ಸೇರಬಾರದು ಎಂದಿದೆ. ರಕ್ತ ಕೊಟ್ಟ ನಂತರದ ತೊಂದರೆಗಳನ್ನು ದಾಖಲಿಸುವ ಹಿಮೋವಿಜಿಲೆನ್ಸ್ ಕಾರ್ಯಕ್ರಮ ಭಾರತದಲ್ಲಿ 2012ರ ಡಿಸೆಂಬರ್ 10ರಂದು ಶುರುವಾಯಿತು.

ಇಂದಿನ ಕ್ರಮ ಹೀಗಿದೆ. ಮಾದರಿ ತೆಗೆದವರು ಮಂಚದ ಪಕ್ಕದಲ್ಲಿಯೇ ಕೊಳವೆಗೆ ಹೆಸರು ಮತ್ತು ಆಸ್ಪತ್ರೆಯ ನೋಂದಣಿ ಸಂಖ್ಯೆ ಬರೆಯಬೇಕು. ಖಾಲಿ ಕೊಳವೆಗಳಿಗೆ ಮೊದಲೇ ಚೀಟಿ ಅಂಟಿಸಿಟ್ಟುಕೊಳ್ಳಕೂಡದು. ಚೀಲ ವಾರ್ಡಿಗೆ ಬಂದಾಗ ಇಬ್ಬರು ಕೈಪಟ್ಟಿ, ಕೇಸ್ ಪೇಪರ್, ಕ್ರಾಸ್‌ಮ್ಯಾಚ್ ವರದಿ ಮತ್ತು ಚೀಲದ ಸಂಖ್ಯೆಯನ್ನು ಗಟ್ಟಿಯಾಗಿ ಓದಿ ತಾಳೆ ನೋಡುತ್ತಾರೆ. ಮೊದಲ 15 ನಿಮಿಷ ರಕ್ತ ನಿಧಾನವಾಗಿ ಹೋಗಬೇಕು. ಚಳಿ, ಸೊಂಟನೋವು, ಕಪ್ಪಗಿನ ಮೂತ್ರ ಕಂಡರೆ ಕೂಡಲೇ ನಿಲ್ಲಿಸಬೇಕು. ರೋಗಿಯ ಮತ್ತು ದಾನಿಯ ಮಾದರಿಗಳನ್ನು ರಕ್ತನಿಧಿ ಏಳು ದಿನ ಕಾಪಿಡುತ್ತದೆ. ಫ್ರಾನ್ಸಿನಲ್ಲಿ ಇಷ್ಟಾದ ಮೇಲೂ ಮಂಚದ ಪಕ್ಕದಲ್ಲಿ ಕಾರ್ಡಿನ ಮೇಲೆ ಗುಂಪನ್ನು ಮತ್ತೊಮ್ಮೆ ಪರೀಕ್ಷಿಸುವುದು ಕಡ್ಡಾಯ.

ಸುಟ್ಟಗಾಯದ ರೋಗಿಯ ವಿಷಯದಲ್ಲಿ ಈ ಕ್ರಮಕ್ಕೆ ಕಠಿಣ ಪರೀಕ್ಷೆ. ಮುಖ ಬಾತುಕೊಂಡು ಗುರುತು ಸಿಗದು, ಮಾತಾಡಲಾಗದು, ಸುಟ್ಟ ಮಣಿಕಟ್ಟಿಗೆ ಪಟ್ಟಿ ಕಟ್ಟಲಾಗದು. ಪಟ್ಟಿ ಕಾಲಿಗೆ ಹೋಗುತ್ತದೆ. ಐರೋಲಿಯ ನ್ಯಾಷನಲ್ ಬರ್ನ್ಸ್ ಸೆಂಟರ್‌ನಂಥ ಕಡೆ ಇಂಥ ರೋಗಿಗಳೇ ಹೆಚ್ಚು. ಅಲ್ಲಿನ ಚರ್ಮನಿಧಿ ಮೃತರ ಚರ್ಮವನ್ನು ಗ್ಲಿಸರಾಲಿನಲ್ಲಿ ಕಾಪಿಟ್ಟು ಗಾಯಕ್ಕೆ ತಾತ್ಕಾಲಿಕ ಹೊದಿಕೆಯಾಗಿ ಬಳಸುತ್ತದೆ. ಈ ಹೊದಿಕೆಗೆ ರಕ್ತದ ಗುಂಪು ಹೊಂದಬೇಕಾಗಿಲ್ಲ, ಮೈಬಣ್ಣವೂ ಲೆಕ್ಕಕ್ಕಿಲ್ಲ. ದಾನಿಯ ರಕ್ತವನ್ನು ಎಚ್‌ಐವಿ ಮತ್ತು ಹೆಪಟೈಟಿಸ್‌ಗೆ ಪರೀಕ್ಷಿಸುವುದು, ಆ ಫಲಿತಾಂಶ ಯಾವ ದಾನಿಯ ಚರ್ಮಕ್ಕೆ ಸೇರಿದ್ದೆಂದು ಸಂಖ್ಯೆಯಿಂದ ಗುರುತಿಸಿಡುವುದು ಮಾತ್ರ ಇಲ್ಲಿಯೂ ತಪ್ಪುವುದಿಲ್ಲ.