ಪಿ140 ಪೆಪ್ಟೈಡ್

ಲೂಪಸ್ ಕಾಯಿಲೆಯಲ್ಲಿ ದೇಹದ ಮೇಲೆಯೇ ತಿರುಗಿಬೀಳುವ ಪ್ರತಿಕಾಯಗಳನ್ನು ತಗ್ಗಿಸಲು ರೂಪಿಸಿದ ಕೃತಕ ಪೆಪ್ಟೈಡ್. ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ, ಸಿಎನ್‌ಆರ್‌ಎಸ್ ಸಂಸ್ಥೆಯ ವಿಜ್ಞಾನಿ ಸಿಲ್ವಿಯಾನ್ ಮುಲ್ಲರ್ ಅವರ ತಂಡ ಇದನ್ನು ಸಿದ್ಧಪಡಿಸಿತು. ಔಷಧವಾಗಿ ಇದರ ಹೆಸರು ಲುಪುಜಾರ್.

ಲೂಪಸ್ ಹೆಚ್ಚಾಗಿ ಕಾಡುವುದು ಹರೆಯದ, ನಡುವಯಸ್ಸಿನ ಹೆಣ್ಣುಮಕ್ಕಳನ್ನು. ರೋಗಿಯ ಬಿ ಕೋಶಗಳು ಆ ದೇಹದ್ದೇ ಡಿಎನ್‌ಎ ಮತ್ತು ಕೋಶಕೇಂದ್ರದ ಪ್ರೋಟೀನ್‌ಗಳ ವಿರುದ್ಧ ಪ್ರತಿಕಾಯ ಹುಟ್ಟಿಸುತ್ತವೆ. ಈ ಪ್ರತಿಕಾಯಗಳು ಗಂಟುಗಟ್ಟಿ ಮೂತ್ರಪಿಂಡದ ಸೋಸುವ ಭಾಗದಲ್ಲಿ ಸೇರಿಕೊಂಡರೆ ಅಲ್ಲಿ ಉರಿಯೂತವಾಗುತ್ತದೆ. ಮೂತ್ರದಲ್ಲಿ ಪ್ರೋಟೀನ್ ಸೋರಿ ಕಾಲು, ಮುಖ ಊದಿಕೊಳ್ಳುತ್ತವೆ. ಸ್ಟೀರಾಯ್ಡ್, ಸೈಕ್ಲೋಫಾಸ್ಫಮೈಡ್‌ಗಳಿಂದ ರೋಗ ಹತೋಟಿಗೆ ಬರುತ್ತದೆ ನಿಜ, ಆದರೆ ದೇಹದ ಒಟ್ಟು ರಕ್ಷಣೆಯೂ ಕುಗ್ಗಿ ಸೋಂಕಿಗೆ ದಾರಿಯಾಗುತ್ತದೆ. ದಾರಿ ತಪ್ಪಿದ ಕೋಶಗಳನ್ನಷ್ಟೇ ತಡೆಯುವ ಮದ್ದಿನ ಹುಡುಕಾಟ ಶುರುವಾದದ್ದು ಇದಕ್ಕಾಗಿಯೇ.

ಮುಲ್ಲರ್ ತಂಡ ಆರಿಸಿಕೊಂಡದ್ದು, ಲೂಪಸ್ ಪ್ರತಿಕಾಯಗಳ ಗುರಿಗಳಲ್ಲೊಂದಾದ ಯು1-70ಕೆ ಪ್ರೋಟೀನಿನ 131ರಿಂದ 151ನೇ ಸ್ಥಾನದವರೆಗಿನ ತುಣುಕನ್ನು. ಬರೀ 21 ಅಮೈನೊ ಆಮ್ಲಗಳು. 140ನೇ ಸ್ಥಾನದ ಸೆರೀನ್‌ಗೆ ಒಂದು ಫಾಸ್ಫೇಟ್ ಜೋಡಿಸಿದರು. 2003ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಲೂಪಸ್‌ಗೆ ತುತ್ತಾಗುವ ತಳಿಯ ಇಲಿಗಳಿಗೆ ಫಾಸ್ಫೇಟ್ ಇಲ್ಲದ ತುಣುಕಿನಿಂದ ಪ್ರಯೋಜನವಾಗಲಿಲ್ಲ. ಫಾಸ್ಫೇಟ್ ಇದ್ದದ್ದು ಡಿಎನ್‌ಎ ವಿರೋಧಿ ಪ್ರತಿಕಾಯಗಳನ್ನೂ ಮೂತ್ರದ ಪ್ರೋಟೀನನ್ನೂ ಇಳಿಸಿತು, ಆಯುಷ್ಯವನ್ನೂ ಹೆಚ್ಚಿಸಿತು. ಇಡೀ ಸಂಶೋಧನೆಯಲ್ಲಿ ಬೆರಗು ಹುಟ್ಟಿಸುವ ಭಾಗ ಇದೇ.

ಪಿ140 ಪ್ರತಿಕಾಯಕ್ಕೆ ನೇರವಾಗಿ ಕೈಹಾಕುವುದಿಲ್ಲ. ಅದು ಬಿ ಕೋಶದೊಳಗೆ ಹೊಕ್ಕು ಎಚ್‌ಎಸ್‌ಸಿ70 ಎಂಬ ಸಹಾಯಕ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಈ ಪ್ರೋಟೀನ್ ಹಳೆಯ ಪ್ರೋಟೀನ್‌ಗಳನ್ನು ಕೋಶದ ಜೀರ್ಣಚೀಲವಾದ ಲೈಸೋಸೋಮಿಗೆ ಒಯ್ದು ಮುರಿಸುತ್ತದೆ. ಲೂಪಸ್ ಇಲಿಗಳಲ್ಲಿ ಈ ಕೆಲಸ ಅತಿಯಾಗಿ ನಡೆಯುತ್ತಿರುತ್ತದೆ. ಪಿ140 ಅದನ್ನು ತಗ್ಗಿಸಿದರೆ ಬಿ ಕೋಶ ತನ್ನ ಮೈಮೇಲೆ ಪ್ರದರ್ಶಿಸುವ, ಮುರಿದ ಪ್ರೋಟೀನ್‌ಗಳ ತುಣುಕುಗಳೂ ಕಡಿಮೆಯಾಗುತ್ತವೆ. ಆ ತುಣುಕುಗಳನ್ನು ಗುರುತಿಸುವ ಟಿ ಕೋಶದ ಪ್ರಚೋದನೆ ಸಿಗದೆ ಪ್ರತಿಕಾಯದ ಉತ್ಪತ್ತಿ ಇಳಿಯುತ್ತದೆ.

ಮನುಷ್ಯರ ಮೇಲಿನ ಎರಡನೇ ಹಂತದ ಪರೀಕ್ಷೆಯ ಫಲಿತಾಂಶ 2013ರಲ್ಲಿ ಹೊರಬಂತು. ಮಾಮೂಲಿ ಚಿಕಿತ್ಸೆಯ ಜೊತೆಗೆ ನಾಲ್ಕು ವಾರಕ್ಕೊಮ್ಮೆ 200 ಮೈಕ್ರೋಗ್ರಾಂ ಚುಚ್ಚುಮದ್ದು ಪಡೆದವರಲ್ಲಿ ಶೇ. 53.1ರಷ್ಟು ಮಂದಿ ಸುಧಾರಿಸಿದರು. ಔಷಧವಿಲ್ಲದ ಚುಚ್ಚುಮದ್ದು ಪಡೆದವರಲ್ಲಿ ಶೇ. 36.2. ಎರಡು ವಾರಕ್ಕೊಮ್ಮೆ ಕೊಟ್ಟಾಗ ಫಲ ಹೆಚ್ಚಲಿಲ್ಲ, ಶೇ. 45.1ಕ್ಕೆ ನಿಂತಿತು.

ಮೂರನೇ ಹಂತ ನಿರಾಸೆ ತಂದಿತು. 2018ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ ಎರಡು ಗುಂಪುಗಳ ಅಂತರ ಕಿರಿದಾಗಿ, ಪರೀಕ್ಷೆ ಮುಖ್ಯ ಗುರಿ ತಲುಪಲಿಲ್ಲ. ಹೋಲಿಕೆಯ ಗುಂಪಿಗೂ ಮಾಮೂಲಿ ಔಷಧಗಳು ಸಿಗುತ್ತಿದ್ದುದರಿಂದ ಅವರಲ್ಲೂ ಅನೇಕರು ಚೇತರಿಸಿಕೊಂಡಿದ್ದರು. ಲೂಪಸ್‌ನ ಹಲವು ಹೊಸ ಔಷಧಗಳು ಎದುರಿಸುವ ತೊಡಕು ಇದು. ಇಸ್ರೇಲಿನ ವೈಜ್‌ಮನ್ ಸಂಸ್ಥೆಯಲ್ಲಿ ಎಡ್ನಾ ಮೋಜಸ್ ರೂಪಿಸಿದ ಎಡ್ರಟೈಡ್ ಎಂಬ 19 ಅಮೈನೊ ಆಮ್ಲಗಳ ಪೆಪ್ಟೈಡ್ ಕೂಡ ಎರಡನೇ ಹಂತದಲ್ಲಿ ಮುಖ್ಯ ಗುರಿಯನ್ನು ಮುಟ್ಟಲಾಗದೆ ಉಳಿದಿತ್ತು.